1998ರ ಸುಮಾರಿಗೆ ಅಮೆರಿಕದ ಸಣ್ಣ ಐಎಸ್‌ಪಿಗಳು (ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಗಳು) ಡಯಲ್-ಅಪ್ ಸರ್ವರ್, ಅಂದರೆ ಫೋನ್ ಕರೆ ಮೂಲಕ ಬರುವ ಗ್ರಾಹಕರನ್ನು ಇಂಟರ್ನೆಟ್‌ಗೆ ಸೇರಿಸುವ ಯಂತ್ರ, ಕೊಳ್ಳುವಾಗ ಏನು ನೋಡಬೇಕಿತ್ತು?

ಮೊದಲು ಫೋನ್ ಲೈನ್, ಆಮೇಲೆ ಬೆಲೆ. ಲಿವಿಂಗ್‌ಸ್ಟನ್ ಕಂಪನಿಯ ಪೋರ್ಟ್‌ಮಾಸ್ಟರ್ 2ಇ ಅನ್ನೋ ಸರ್ವರ್ ತಗೊಂಡರೆ 30 ಮೋಡೆಮ್‌ಗಳನ್ನು (ಫೋನ್ ಲೈನಲ್ಲಿ ಡೇಟಾ ಕಳಿಸುವ ಸಾಧನ) ಹೊರಗಿಂದ ಜೋಡಿಸಬಹುದಿತ್ತು. ಅಗ್ಗ ಅನ್ನಿಸುತ್ತದೆ, ಅಲ್ವಾ? ಆದರೆ 30 ಅಡಾಪ್ಟರ್, 30 ಕೇಬಲ್, 30 ಅನಲಾಗ್ ಲೈನ್! ಒಂದೇ ಒಂದು ಮೋಡೆಮ್ ಹ್ಯಾಂಗ್ ಆದರೂ ಸಾಕು, ಕರೆ ಅದಕ್ಕೇ ಹೋಗಿ ಸುಮ್ನೆ ರಿಂಗ್ ಆಗುತ್ತಿತ್ತು. ಯಾರಾದರೂ ಎದ್ದು ಹೋಗಿ ಪ್ಲಗ್ ಕಿತ್ತು ಮತ್ತೆ ಹಾಕಬೇಕು.

ಅದಕ್ಕಿಂತ ಮುಖ್ಯ ವಿಷಯ ವೇಗ. 56ಕೆ (ಸೆಕೆಂಡಿಗೆ 56 ಕಿಲೋಬಿಟ್) ಸಿಗಬೇಕಾದರೆ ಐಎಸ್‌ಪಿ ಕಡೆ ಡಿಜಿಟಲ್ ಲೈನ್ ಇರಲೇಬೇಕು. ಎರಡೂ ಕಡೆ ಅನಲಾಗ್ ಆದರೆ 33.6ಕೆ ದಾಟುವುದಿಲ್ಲ. ಪೋರ್ಟ್‌ಮಾಸ್ಟರ್ 3 ಎರಡು ಪಿಆರ್‌ಐ ಲೈನ್ (ಒಂದರಲ್ಲೇ ಹಲವು ಕರೆ ತರುವ ಡಿಜಿಟಲ್ ಫೋನ್ ಲೈನ್) ತಗೊಂಡು, ಒಳಗಿನ ಮೋಡೆಮ್‌ಗಳಲ್ಲೇ 46 ಕರೆ ನಿಭಾಯಿಸುತ್ತಿತ್ತು. ದುಡ್ಡು ಜಾಸ್ತಿಯಾದರೂ ನಾನು ಅದನ್ನೇ ಹೇಳುತ್ತೇನೆ. ಯಾರು ಲಾಗಿನ್ ಆದರು ಅಂತ ಪರೀಕ್ಷಿಸಿ ಲೆಕ್ಕ ಇಡುವ ರೇಡಿಯಸ್ ವ್ಯವಸ್ಥೆಯ ಬೆಂಬಲ ಎರಡರಲ್ಲೂ ಇತ್ತು.