ಹಸಿವೋ, ನಂಬಿಕೆಯೋ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಉಗ್ರವಾದದ ಬೇರು ಬಡತನದಲ್ಲಿದೆ ಎಂದ ಕಳೆದ ಸಂಚಿಕೆಯ ಲೇಖನವನ್ನು ವಿರೋಧಿಸಿ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಆಕ್ಷೇಪಗಳು ಮೂರು. ಉಗ್ರರ ಮುಂದಾಳುಗಳು ಓದಿದವರು, ಉಳ್ಳವರು. ಜಗತ್ತಿನ ಕೋಟ್ಯಂತರ ಬಡವರು ಬಂದೂಕು ಮುಟ್ಟಿಲ್ಲ. ಕೊಂದವರೇ ಧರ್ಮದ ಹೆಸರು ಹೇಳುತ್ತಿರುವಾಗ ಬೇರೆ ಕಾರಣ ಹುಡುಕುವುದೇಕೆ? ಕೊನೆಗೆ, ಉದ್ಯೋಗ ತರಬೇತಿಗೆ ಹಣ ಸುರಿದು ಪ್ರಯೋಜನವೇನು ಎಂದೂ ಕೇಳಿದ್ದೀರಿ. ಮೊದಲೆರಡು ಮಾತು ನಿಜ. ಆದರೆ ಅವುಗಳಿಂದ ನೀವು ತಲುಪಿದ ತೀರ್ಮಾನ ನಿಲ್ಲುವುದಿಲ್ಲ.

ಓದಿದವರ ವಿಷಯಕ್ಕೆ ಪುರಾವೆ ಧಾರಾಳ. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಮುನ್ನಡೆಸಿದ ಮೊಹಮ್ಮದ್ ಅತ್ತಾ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಕಲಿತವನು. ಅಲ್ ಕೈದಾ ನಾಯಕನಾಗಿದ್ದ ಐಮನ್ ಅಲ್ ಜವಾಹಿರಿ ಶಸ್ತ್ರವೈದ್ಯ. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೊ ಪಂಥದವರಲ್ಲಿ ಹೃದ್ರೋಗ ಶಸ್ತ್ರವೈದ್ಯನಿದ್ದ, ಭೌತವಿಜ್ಞಾನ ಓದಿದವನಿದ್ದ. ಸಂಶೋಧಕರಾದ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಲೆಚ್ಕೊವಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾದ ಸತ್ತ 129 ಹೋರಾಟಗಾರರನ್ನು ಆ ದೇಶದ ಅದೇ ವಯೋಮಾನದವರ ಜೊತೆ ಹೋಲಿಸಿದ್ದಾರೆ. ಸತ್ತವರಲ್ಲಿ ಬಡವರ ಪ್ರಮಾಣ ಕಡಿಮೆ, ಪ್ರೌಢಶಾಲೆ ಅಥವಾ ಅದಕ್ಕೂ ಹೆಚ್ಚು ಓದಿದವರ ಪ್ರಮಾಣ ಹೆಚ್ಚು.

ಆದರೆ ಇಂಥ ಪಟ್ಟಿಗಳಲ್ಲಿ ನಮಗೆ ಕಾಣುವುದು ಆಯ್ಕೆಯಾದವರು ಮಾತ್ರ, ಸೇರಲು ಬಂದವರೆಲ್ಲರೂ ಅಲ್ಲ. ಗುಪ್ತ ಸಂಘಟನೆಗೆ ಬೇಕಾದವರು ಕೆಲವೇ ಮಂದಿ: ಗಡಿ ದಾಟಬಲ್ಲವನು, ಪರದೇಶದ ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡಬಲ್ಲವನು. ಇಸ್ರೇಲಿನ ಮೇಲಿನ ಆತ್ಮಾಹುತಿ ದಾಳಿಗಳನ್ನು ಪರಿಶೀಲಿಸಿದ ಎಫ್ರೈಮ್ ಬೆನ್ಮೆಲೆಕ್ ಮತ್ತು ಕ್ಲಾಡ್ ಬೆರೆಬಿ ಕಂಡದ್ದೂ ಇದನ್ನೇ. ಹೆಚ್ಚು ಓದಿದ, ವಯಸ್ಸಿನಲ್ಲಿ ತುಸು ದೊಡ್ಡವರಾದ ದಾಳಿಕೋರರನ್ನು ಮಹತ್ವದ ಗುರಿಗಳಿಗೆ ಕಳಿಸಲಾಗಿತ್ತು, ಅವರು ವಿಫಲರಾದದ್ದೂ ಕಡಿಮೆ. ಕೆಲಸ ಸಿಗದ ಕಾಲದಲ್ಲಿ ಓದಿದವನೂ ಓದದವನೂ ಇಬ್ಬರೂ ಬಂದು ನಿಂತರೆ, ಸಂಘಟನೆ ಓದಿದವನನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಸತ್ತವರ ಪಟ್ಟಿಯಲ್ಲಿ ಬಡವರಿಲ್ಲ ಎಂದಮಾತ್ರಕ್ಕೆ ಆರ್ಥಿಕ ಸಂಕಷ್ಟಕ್ಕೆ ಪಾತ್ರವೇ ಇಲ್ಲ ಎನ್ನಲಾಗದು.

ಊರೂರು ಹಿಡಿಯುವ ಬಂಡಾಯದ ಲೆಕ್ಕ ಬೇರೆ. ಅಲ್ಲಿ ಸಾವಿರಾರು ಕಾಲಾಳುಗಳು ಬೇಕು. ಆಫ್ರಿಕಾದ 8 ದೇಶಗಳಲ್ಲಿ ಸುಮಾರು 2,200 ಜನರನ್ನು ಮಾತಾಡಿಸಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2023ರಲ್ಲಿ ಹೊರತಂದ ವರದಿಯಲ್ಲಿ, ಸ್ವಇಚ್ಛೆಯಿಂದ ಸೇರಿದವರ ಪೈಕಿ ಶೇ. 25ರಷ್ಟು ಮಂದಿ ಉದ್ಯೋಗವನ್ನೇ ಮುಖ್ಯ ಕಾರಣವೆಂದರು. ಧರ್ಮ ಎಂದವರು ಶೇ. 17.

ಈಗ ನಿಮ್ಮ ಮೂರನೆಯ ಮಾತು, ಧರ್ಮದ್ದು. ಇಸ್ಲಾಮಿಕ್ ಸ್ಟೇಟ್ ತನ್ನ ಗಡಿಯೊಳಗೆ ಬರುತ್ತಿದ್ದ ವಿದೇಶಿಯರಿಂದ ಒಂದು ನಮೂನೆ ತುಂಬಿಸಿಕೊಳ್ಳುತ್ತಿತ್ತು. 2016ರಲ್ಲಿ ಅವು ಸಾವಿರಗಟ್ಟಲೆ ಸೋರಿಕೆಯಾದವು. ಒಟ್ಟು 23 ಅಂಶಗಳು: ಹೆಸರು, ತಾಯಿಯ ಹೆಸರು, ರಕ್ತದ ಗುಂಪು, ಓದು, ಹಿಂದಿನ ಕೆಲಸ, ಶಿಫಾರಸು ಮಾಡಿದವರು ಯಾರು, ಹೋರಾಟಗಾರನಾಗುತ್ತೀಯೋ ಆತ್ಮಾಹುತಿಗೆ ಸಿದ್ಧನೋ. ಸತ್ತ ದಿನ ಮತ್ತು ಸ್ಥಳ ಬರೆಯಲೂ ಒಂದು ಸಾಲು ಖಾಲಿ ಬಿಟ್ಟಿತ್ತು. ಷರಿಯಾ, ಅಂದರೆ ಇಸ್ಲಾಮಿಕ್ ಧರ್ಮಶಾಸ್ತ್ರದ ಜ್ಞಾನ ಎಷ್ಟು ಎಂಬ ಕಾಲಂ ಎದುರು ಸುಮಾರು ಶೇ. 70 ಮಂದಿಯದು ‘ಪ್ರಾಥಮಿಕ’ ಮಟ್ಟ. ಆಫ್ರಿಕಾದ ಮೇಲಿನ ವಿಶ್ವಸಂಸ್ಥೆಯ 2017ರ ವರದಿಯಲ್ಲೂ ಇದೇ ಚಿತ್ರ: ಸೇರಲು ಧರ್ಮವೂ ಒಂದು ಕಾರಣ ಎಂದವರು ಶೇ. 51, ಧರ್ಮಗ್ರಂಥ ತಿಳಿಯದು ಅಥವಾ ಅಲ್ಪಸ್ವಲ್ಪ ತಿಳಿದಿದೆ ಎಂದವರು ಶೇ. 57. ಕನಿಷ್ಠ 6 ವರ್ಷ ಧಾರ್ಮಿಕ ಶಿಕ್ಷಣ ಪಡೆದವರು ಇಂಥ ಗುಂಪು ಸೇರುವ ಸಾಧ್ಯತೆ ಕಡಿಮೆ ಎಂದೂ ಅದೇ ವರದಿ ಹೇಳಿತು. ಕೊಂದವನ ಬಾಯಲ್ಲಿ ಬರುವ ಧರ್ಮದ ಮಾತು ಬಹುಪಾಲು ಸೇರಿದ ಮೇಲೆ ಕಲಿತದ್ದಿರಬೇಕು.

ಹಾಗೆಂದು ಸಿದ್ಧಾಂತ ಬರೀ ನೆಪ ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ಸಿಟ್ಟು, ಹಸಿವು, ಅವಮಾನ ಎಲ್ಲ ಇದ್ದೂ ಮನುಷ್ಯ ಕಳ್ಳತನಕ್ಕೆ ಇಳಿಯಬಹುದು, ಗುಳೆ ಹೋಗಬಹುದು, ಕುಡಿತಕ್ಕೆ ಬೀಳಬಹುದು. ಶತ್ರು ಯಾರೆಂದು ಬೆರಳು ಮಾಡಿ ತೋರಿಸುವುದು, ಗುರುತೇ ಇಲ್ಲದ ಪ್ರಯಾಣಿಕರನ್ನು ಕೊಲ್ಲಲು ಅನುಮತಿ ಕೊಡುವುದು, ತನ್ನ ಸಾವಿಗೂ ಒಂದು ಅರ್ಥವಿದೆ ಎಂದು ನಂಬಿಸುವುದು ಸಿದ್ಧಾಂತದ ಕೆಲಸ. ಅದಕ್ಕೆ ಧರ್ಮವೇ ಬೇಕೆಂದಿಲ್ಲ. ಆತ್ಮಾಹುತಿಯನ್ನು ಯುದ್ಧತಂತ್ರವಾಗಿ ಬೆಳೆಸಿದ ಎಲ್‌ಟಿಟಿಇ ಧಾರ್ಮಿಕ ಸಂಘಟನೆಯಾಗಿರಲಿಲ್ಲ.

ಹಾಗಾದರೆ ಅದೇ ಕಷ್ಟ, ಅದೇ ನಂಬಿಕೆ ಇರುವ ಸಾವಿರ ಜನರಲ್ಲಿ ಒಬ್ಬನೇ ಏಕೆ ಹೋಗುತ್ತಾನೆ? ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದು. ಉತ್ತರದ ದೊಡ್ಡ ಪಾಲು ಅವನ ಸುತ್ತ ಯಾರಿದ್ದಾರೆ ಎಂಬುದರಲ್ಲಿದೆ. ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರಲ್ಲಿ ಅಲ್ ಕೈದಾ ಜಾಲದ 172 ಮಂದಿಯ ವಿವರ ಕಲೆಹಾಕಿದಾಗ ಸುಮಾರು ಶೇ. 68 ಮಂದಿ ಗೆಳೆಯರ ಮೂಲಕ, ಶೇ. 20 ಮಂದಿ ನೆಂಟರ ಮೂಲಕ ಸೇರಿದ್ದರು. ಇನ್ನೊಂದು ಪಾಲು ಪ್ರಭುತ್ವದ ಕ್ರೌರ್ಯದ್ದು. 2017ರ ಅದೇ ವರದಿಯಲ್ಲಿ ಶೇ. 71 ಮಂದಿ, ಮನೆಯವರನ್ನೋ ಗೆಳೆಯನನ್ನೋ ಕೊಂದದ್ದು, ಬಂಧಿಸಿದ್ದು ಮುಂತಾದ ಸರ್ಕಾರದ ಕೃತ್ಯವೇ ತಮ್ಮನ್ನು ಕೊನೆಗೆ ಆ ಕಡೆ ತಳ್ಳಿತು ಎಂದರು. ನೈಜೀರಿಯಾದಲ್ಲಿ 2009ರ ಜುಲೈನಲ್ಲಿ ಬೊಕೊ ಹರಾಮ್ ನಾಯಕ ಮೊಹಮ್ಮದ್ ಯೂಸುಫ್ ಪೊಲೀಸರ ವಶದಲ್ಲಿದ್ದಾಗಲೇ ಹತನಾದ. ಆ ಸಂಘಟನೆ ಅಲ್ಲಿಗೆ ಮುಗಿಯಲಿಲ್ಲ, ಹಲವು ಪಟ್ಟು ಭೀಕರವಾಗಿ ಮರಳಿತು.

ತರಬೇತಿಯ ಪ್ರಶ್ನೆಗೆ ಬರುತ್ತೇನೆ. ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ ಸಂಶೋಧಕ ಜೇಸನ್ ಲಾಯಲ್ ಮತ್ತು ಸಂಗಡಿಗರು ಯುವಜನರನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಿದರು. ಬರೀ ವೃತ್ತಿ ತರಬೇತಿಯಿಂದ ಮನೋಭಾವ ಬದಲಾಗಲಿಲ್ಲ. ಒಂದೇ ಸಲ ಕೈಗಿಟ್ಟ 75 ಡಾಲರ್ ಮೊದಲು ಸರ್ಕಾರದ ಪರ ಒಲವು ಹುಟ್ಟಿಸಿತು, ಹಣ ಕರಗಿದ ಮೇಲೆ ಅದೇ ಒಲವು ತಿರುಗಿಬಿತ್ತು. ಎರಡನ್ನೂ ಜೊತೆಯಾಗಿ ಪಡೆದವರಲ್ಲಿ ಮಾತ್ರ ಬದಲಾವಣೆ ತಿಂಗಳುಗಳ ನಂತರವೂ ಉಳಿಯಿತು. ಲೈಬೀರಿಯಾದ ಮಾಜಿ ಹೋರಾಟಗಾರರ ಅನುಭವ ಇನ್ನೂ ಸ್ಪಷ್ಟ. ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಜೀನಿ ಅನ್ನಾನ್ ಗಮನಿಸಿದಂತೆ, ಕೃಷಿ ತರಬೇತಿ ಪಡೆದು ಬಂಡವಾಳದ ಮುಂದಿನ ಕಂತಿಗೆ ಕಾಯುತ್ತಿದ್ದವರೇ ಪಕ್ಕದ ಐವರಿ ಕೋಸ್ಟ್ ಯುದ್ಧಕ್ಕೆ ಬಾಡಿಗೆ ಸೈನಿಕರಾಗಲು ಎಲ್ಲರಿಗಿಂತ ಕಡಿಮೆ ಆಸಕ್ತಿ ತೋರಿದರು. ಹಣ ಕೊಡುವವರು ಪ್ರಮಾಣಪತ್ರ ಹಂಚಿ ಕೈತೊಳೆದುಕೊಳ್ಳದೆ, ಉಪಕರಣವನ್ನೂ ಬಂಡವಾಳವನ್ನೂ ಸೇರಿಸಿ ಕಂತುಕಂತಾಗಿ ಕೊಡಲಿ.

ಇಷ್ಟಾದರೂ ಇದು ಕಾಲಾಳುಗಳಿಗೆ ಹೊಂದುವ ಮದ್ದು. ಗೆಳೆಯರ ಗುಂಪಿನಲ್ಲಿ ಜಾರುತ್ತಿರುವ ಹುಡುಗನಿಗೆ ಡೆನ್ಮಾರ್ಕಿನ ಆರ್ಹುಸ್ ನಗರದ ವಿಧಾನ ನೋಡಿ. ಅಲ್ಲಿ ಪೊಲೀಸರೂ ನಗರಸಭೆಯೂ ಒಟ್ಟಾಗಿ ಮೊದಲು ಮನೆಯವರನ್ನು ಮಾತಾಡಿಸುತ್ತಾರೆ, ಹುಡುಗನಿಗೆ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡುತ್ತಾರೆ, ಓದು, ಕೆಲಸ, ವಸತಿಗೆ ನೆರವಾಗುತ್ತಾರೆ. ಅವನ ನಂಬಿಕೆ ಬದಲಿಸುವುದು ಅವರ ಗುರಿಯಲ್ಲ, ಹಿಂಸೆಯಿಂದ ದೂರವಿಡುವುದು ಗುರಿ. ಅಪರಾಧ ಮಾಡಿದ್ದರೆ ಮೊಕದ್ದಮೆ ತಪ್ಪುವುದಿಲ್ಲ. ಸಿರಿಯಾ ಯುದ್ಧಕ್ಕೆ ಹೊರಟವರಲ್ಲಿ ಅನೇಕರು ಹೋಗಿಬರುತ್ತಿದ್ದ ಮಸೀದಿಯೊಂದನ್ನು ಮುಚ್ಚಿಸಬೇಕೆಂಬ ಒತ್ತಾಯವಿದ್ದಾಗಲೂ ಅದರ ಮುಖ್ಯಸ್ಥರೊಡನೆ ಮಾತುಕತೆ ನಡೆಸಿದರು. 2013ರಲ್ಲಿ ಆ ನಗರದಿಂದ ಸಿರಿಯಾಕ್ಕೆ ಹೋದ ಯುವಕರು ಸುಮಾರು 30, ಮರುವರ್ಷ ಒಬ್ಬ. ಇಳಿಕೆಯ ಪೂರ್ತಿ ಶ್ರೇಯ ಇದೊಂದಕ್ಕೇ ಸಲ್ಲದಿರಬಹುದು. ಆದರೂ ನಮ್ಮ ಮುಂದಿರುವ ಮಾದರಿಗಳಲ್ಲಿ ನಾನು ಮೊದಲು ಆರಿಸಿಕೊಳ್ಳುವುದು ಇದನ್ನೇ.

ಸಂ.