ಪ್ರಶ್ನೋತ್ತರ: ಲಾಲ್‌ಬಾಗಿನಿಂದ ಮಣಿಪಾಲದವರೆಗೆ, 1969

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಘಟನೆಗಳು ಕಿಕ್ಕಿರಿದ ವರ್ಷ ಯಾವುದು ಎಂದು ಓದುಗರೊಬ್ಬರು ಕೇಳಿದ್ದಕ್ಕೆ ಕಳೆದ ಸಂಚಿಕೆಯಲ್ಲಿ 1969 ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ್ದೆವು. ಆ ಒಂದು ಸಾಲು ಸಾಲದೆಂದು ಹಲವರು ಕಾಗದ ಬರೆದಿದ್ದಾರೆ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ವರ್ಷದ ಜುಲೈ ತಿಂಗಳನ್ನೇ ಸುತ್ತುತ್ತಿರುವುದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕಾಂಗ್ರೆಸ್ ಒಡೆದದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ ಎಂದು ನಮ್ಮ ಊರಿನ ಹಿರಿಯರು ಹೇಳುತ್ತಾರೆ. ಪುಸ್ತಕಗಳಲ್ಲಿ ನೋಡಿದರೆ ನವೆಂಬರ್, ದೆಹಲಿ ಎಂದಿದೆ. ಯಾವುದು ಸರಿ? (ಚಿತ್ರದುರ್ಗದ ಓದುಗರು)

ಉತ್ತರ: ಎರಡೂ ಸರಿ. ಬಿರುಕು ಕಣ್ಣಿಗೆ ಬಿದ್ದದ್ದು ಬೆಂಗಳೂರಿನಲ್ಲಿ, ಮನೆ ಪಾಲಾದದ್ದು ದೆಹಲಿಯಲ್ಲಿ. ಅಖಿಲ ಭಾರತ ಕಾಂಗ್ರೆಸ್ ಸಮಿತಿಯು 1969ರ ಜುಲೈ ಎರಡನೆಯ ವಾರದಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತ್ತು. ಪಕ್ಷದ ಅಧ್ಯಕ್ಷರಾಗಿದ್ದವರು ನಿಮ್ಮ ಜಿಲ್ಲೆಯವರೇ ಆದ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರು ಕಾರ್ಯಕಾರಿ ಸಮಿತಿಯ ಮೊದಲ ದಿನದ ಸಭೆಗೆ ಬರಲೇ ಇಲ್ಲ. ಬದಲಿಗೆ ಫಕ್ರುದ್ದೀನ್ ಅಲಿ ಅಹಮದ್ ಅವರ ಕೈಯಲ್ಲಿ ಆರ್ಥಿಕ ನೀತಿಯ ಕುರಿತ ಒಂದು ಟಿಪ್ಪಣಿಯನ್ನು ಕಳುಹಿಸಿದರು. ಅವಸರದಲ್ಲಿ ಗೀಚಿದ ಬಿಡಿ ವಿಚಾರಗಳು ಎಂಬಂತೆ ಅದನ್ನು ಮುಂದಿಟ್ಟರೂ, ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಮಾತು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು.

ಆದರೆ ನಿಜವಾದ ಜಗಳ ಬ್ಯಾಂಕುಗಳದ್ದಾಗಿರಲಿಲ್ಲ, ರಾಷ್ಟ್ರಪತಿ ಹುದ್ದೆಯದಾಗಿತ್ತು. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅವರು ಅಧಿಕಾರದಲ್ಲಿರುವಾಗಲೇ ತೀರಿಕೊಂಡಿದ್ದರು. ಅವರ ಸ್ಥಾನಕ್ಕೆ ಇಂದಿರಾ ಅವರು ಜಗಜೀವನ ರಾಮ್ ಅವರ ಹೆಸರನ್ನು ಮುಂದಿಟ್ಟರೆ, ಪಕ್ಷದ ಹಿರಿಯರ ಗುಂಪು ನೀಲಂ ಸಂಜೀವ ರೆಡ್ಡಿಯವರ ಪರವಾಗಿ ನಿಂತಿತು. ಸಂಸದೀಯ ಮಂಡಳಿಯಲ್ಲಿ ರೆಡ್ಡಿಯವರಿಗೆ 4, ಎದುರಿಗೆ 2 ಮತಗಳು ಬಂದವು. ಪ್ರಧಾನಿಯೊಬ್ಬರು ತಮ್ಮದೇ ಪಕ್ಷದ ಮಂಡಳಿಯಲ್ಲಿ, ಕಾಮರಾಜ್ ಮತ್ತು ಮೊರಾರ್ಜಿ ದೇಸಾಯಿಯವರಂಥವರ ಕಣ್ಣೆದುರಿನಲ್ಲಿ, ಹೀಗೆ ಸೋತದ್ದು ಸಣ್ಣ ಅವಮಾನವಲ್ಲ. ಜುಲೈ 16ರಂದು ಅವರು ಮೊರಾರ್ಜಿಯವರಿಂದ ಹಣಕಾಸು ಖಾತೆಯನ್ನು ಹಿಂದಕ್ಕೆ ಪಡೆದರು. 19ರಂದು 14 ಬ್ಯಾಂಕುಗಳು ಸರ್ಕಾರದ ವಶವಾದವು. ಬೆಂಗಳೂರಿನಲ್ಲಿ ಬಿದ್ದ ಪೆಟ್ಟಿಗೆ ಒಂದು ವಾರದೊಳಗೆ ದೆಹಲಿಯಿಂದ ಬಂದ ಉತ್ತರ ಇದು ಎಂದರೆ ತಪ್ಪಾಗಲಾರದು. ರಾಷ್ಟ್ರೀಕರಣದ ಹಿಂದೆ ಆರ್ಥಿಕ ವಾದವೇ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಆ ವಾದ ವರ್ಷಗಳಿಂದ ಇತ್ತು, ಆದರೆ ಅದಕ್ಕೆ ಮುಹೂರ್ತ ಕೂಡಿಸಿದ್ದು ಲಾಲ್‌ಬಾಗಿನ ಸೋಲು.

ನವೆಂಬರ್ 12ರಂದು ನಿಜಲಿಂಗಪ್ಪನವರು ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಿದರು. 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದವರು, ಹದಿಮೂರು ವರ್ಷಗಳ ಬಳಿಕ ದೇಶದ ಪ್ರಧಾನಿಯನ್ನೇ ಪಕ್ಷದಿಂದ ಹೊರಗಿಟ್ಟರು. ಆದರೆ ಸಂಸದರಲ್ಲಿ ಬಹುಪಾಲು ಮಂದಿ ಇಂದಿರಾ ಅವರೊಂದಿಗೇ ಉಳಿದರು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆ ಹೋದರೆ, ದೇವರಾಜ ಅರಸರು ಇಂದಿರಾ ಅವರ ಕಡೆ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳಿಗೆ 27ನ್ನೂ ಇಂದಿರಾ ಅವರ ಪಕ್ಷವೇ ಗೆದ್ದುಕೊಂಡಿತು.

ಪ್ರಶ್ನೆ: ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳು ಐದಾರು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳನ್ನು ಮಾತ್ರ 1969ರಲ್ಲಿ ಆರಿಸಿಕೊಂಡದ್ದೇಕೆ? ಇದರಲ್ಲಿ ರಾಜಕೀಯ ಇತ್ತೇ? (ಉಡುಪಿಯ ಓದುಗರು)

ಉತ್ತರ: ಯಾವ ಬ್ಯಾಂಕು ಎಂಬುದರಲ್ಲಿ ರಾಜಕೀಯ ಇರಲಿಲ್ಲ, ಲೆಕ್ಕ ಇತ್ತು. 1969ರ ಜೂನ್ ತಿಂಗಳ ಕೊನೆಯ ಶುಕ್ರವಾರದಂದು 50 ಕೋಟಿ ರೂಪಾಯಿಗೆ ಕಡಿಮೆಯಿಲ್ಲದಷ್ಟು ಠೇವಣಿ ಹೊಂದಿದ್ದ ಭಾರತೀಯ ಬ್ಯಾಂಕುಗಳನ್ನು ವಶಪಡಿಸಿಕೊಳ್ಳಲಾಯಿತು. ಗೆರೆಯ ಮೇಲಿದ್ದವು 14. ಕರಾವಳಿಯ ಆ ಎರಡು ಬ್ಯಾಂಕುಗಳು ಅವುಗಳಲ್ಲಿ ಸೇರಿದ್ದವು. ಕಾರ್ಪೊರೇಷನ್, ವಿಜಯಾ ಮತ್ತು ಕರ್ಣಾಟಕ ಬ್ಯಾಂಕುಗಳು ಗೆರೆಯ ಕೆಳಗೆ ಉಳಿದವು. 1980ರ ಏಪ್ರಿಲ್ 15ರಂದು ಗೆರೆಯನ್ನು 200 ಕೋಟಿಗೆ ಎಳೆದು ಇನ್ನೂ 6 ಬ್ಯಾಂಕುಗಳನ್ನು ತೆಗೆದುಕೊಂಡಾಗ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳ ಸರದಿ ಬಂತು. ಕರ್ಣಾಟಕ ಬ್ಯಾಂಕು ಇಂದಿಗೂ ಖಾಸಗಿಯಾಗಿಯೇ ಇದೆ.

ನಿಮ್ಮ ಕಾಗದದಲ್ಲಿ ಇನ್ನೊಂದು ಮಾತಿದೆ: ಹಳ್ಳಿಗೆ ಬ್ಯಾಂಕು ಬಂದದ್ದೇ ರಾಷ್ಟ್ರೀಕರಣದಿಂದ ಎಂದು ಶಾಲೆಯಲ್ಲಿ ಕಲಿತಿದ್ದೀರಿ. ದೇಶದ ಮಟ್ಟಿಗೆ ಇದು ಬಹುತೇಕ ನಿಜ. 1969ರ ಜೂನ್ ವೇಳೆಗೆ ಇಡೀ ದೇಶದಲ್ಲಿದ್ದ ಬ್ಯಾಂಕ್ ಶಾಖೆಗಳು 8,262, ಅವುಗಳಲ್ಲಿ ಗ್ರಾಮೀಣ ಶಾಖೆಗಳು 1,833 ಮಾತ್ರ. ಆದರೆ ಉಡುಪಿಯವರು ಈ ಪಾಠವನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ. ವೈದ್ಯ ಟಿ.ಎಂ.ಎ. ಪೈ, ಜವಳಿ ವ್ಯಾಪಾರಿ ಉಪೇಂದ್ರ ಅನಂತ ಪೈ ಮತ್ತು ಎಂಜಿನಿಯರ್ ವಾಮನ ಕುಡ್ವ ಈ ಮೂವರು 1925ರಲ್ಲಿ ನಿಮ್ಮ ಊರಿನಲ್ಲಿಯೇ, ಕೈಮಗ್ಗದ ನೇಕಾರರ ಸಂಕಷ್ಟವನ್ನು ನೋಡಿ, 8,000 ರೂಪಾಯಿ ಬಂಡವಾಳದಲ್ಲಿ ತೆರೆದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರಿಗೆ ಬ್ಯಾಂಕೇ ಮೆಟ್ಟಿಲು ಹತ್ತಿ ಬಂದ ಏರ್ಪಾಡು ಅದು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಪಿಗ್ಮಿಯವರು ಬಂದರೆಂದು ಗಲ್ಲಾಪೆಟ್ಟಿಗೆಯಿಂದ ಚಿಲ್ಲರೆ ಎಣಿಸಿ ಕೊಡುವುದನ್ನು ಕರಾವಳಿಯ ಎರಡು ಮೂರು ತಲೆಮಾರುಗಳು ಕಂಡಿವೆ. ದೆಹಲಿಯ ಸುಗ್ರೀವಾಜ್ಞೆಗೆ ನಾಲ್ಕು ದಶಕಗಳ ಮೊದಲೇ ನಡೆಯುತ್ತಿದ್ದ ಕೆಲಸವಿದು. ಅಂಥ ಬ್ಯಾಂಕನ್ನೂ ಮುಂಬಯಿಯ ಉದ್ಯಮಪತಿಗಳ ಬ್ಯಾಂಕುಗಳ ಸಾಲಿಗೇ ಸೇರಿಸಿದ ನಿಯಮದಲ್ಲಿ ನ್ಯಾಯವಿತ್ತೇ ಎಂದು ಕರಾವಳಿಯವರು ಕೇಳಿದರೆ ತಪ್ಪೇನಿಲ್ಲ.

ಇನ್ನೊಂದು ತಮಾಷೆ. ನಿಜಲಿಂಗಪ್ಪ, ಕಾಮರಾಜ್ ಮೊದಲಾದ ಹಿರಿಯರ ಗುಂಪನ್ನು ಪತ್ರಿಕೆಗಳು ಕರೆಯುತ್ತಿದ್ದುದೂ ಸಿಂಡಿಕೇಟ್ ಎಂದೇ. ಒಂದೇ ವಾರದಲ್ಲಿ ಇಂದಿರಾ ಅವರು ಒಂದು ಸಿಂಡಿಕೇಟಿನೊಡನೆ ಯುದ್ಧ ಸಾರಿದರು, ಇನ್ನೊಂದನ್ನು ಸರ್ಕಾರದ ಖಾತೆಗೆ ಬರೆಸಿಕೊಂಡರು. ಬ್ಯಾಂಕಿನ ಆ ಹೆಸರೂ ಈಗ ಉಳಿದಿಲ್ಲ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಪ್ರಶ್ನೆ: ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೊಬ್ಬರು ರಾಷ್ಟ್ರಪತಿಯಾಗಿದ್ದರಂತೆ, ಹೌದೇ? (ಧಾರವಾಡದ ಕಾನೂನು ವಿದ್ಯಾರ್ಥಿ)

ಉತ್ತರ: ಹೌದು, ಹಂಗಾಮಿಯಾಗಿ. ರಾಷ್ಟ್ರಪತಿ ಇಲ್ಲದಾಗ ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳಬೇಕೆಂದು ಸಂವಿಧಾನ ಹೇಳುತ್ತದೆ. ಉಪರಾಷ್ಟ್ರಪತಿಯೂ ಇಲ್ಲದಿದ್ದರೆ? ಆ ಏರ್ಪಾಡನ್ನು ಸಂವಿಧಾನ ಸಂಸತ್ತಿಗೆ ಬಿಟ್ಟಿತ್ತು. ಸಂಸತ್ತು ಹತ್ತೊಂಬತ್ತು ವರ್ಷ ಅದರ ಗೋಜಿಗೆ ಹೋಗಿರಲಿಲ್ಲ. ಜಾಕಿರ್ ಹುಸೇನ್ ಅವರ ಮರಣದ ನಂತರ ಎಚ್ಚೆತ್ತು, ಅಂಥ ಸಂದರ್ಭದಲ್ಲಿ ಮುಖ್ಯ ನ್ಯಾಯಮೂರ್ತಿಗಳು ಆ ಹೊಣೆ ಹೊರಬೇಕೆಂದು ಮೇ 28ರಂದು ಕಾಯ್ದೆಯಾಯಿತು. ಎರಡೇ ತಿಂಗಳಲ್ಲಿ ಅದರ ಅಗತ್ಯ ಬಿದ್ದಿತು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರು ಜುಲೈ 19ರಂದು ಬ್ಯಾಂಕ್ ಸುಗ್ರೀವಾಜ್ಞೆಗೆ ಸಹಿ ಹಾಕಿ, ಮರುದಿನ, ತಾವೇ ಚುನಾವಣೆಗೆ ನಿಲ್ಲುವ ಸಲುವಾಗಿ, ರಾಜೀನಾಮೆ ಕೊಟ್ಟರು. ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರು ಅಂದಿನಿಂದ ಆಗಸ್ಟ್ 24ರವರೆಗೆ ರಾಷ್ಟ್ರಪತಿ ಭವನದ ಕೆಲಸ ನೋಡಿಕೊಂಡರು. ಅಮೆರಿಕದ ಅಧ್ಯಕ್ಷ ನಿಕ್ಸನ್ ಭಾರತಕ್ಕೆ ಬಂದದ್ದೂ ಈ ಅವಧಿಯಲ್ಲಿಯೇ.

ಕಾನೂನು ಕಲಿಯುವ ನಿಮಗೆ ಇನ್ನೂ ಸ್ವಾರಸ್ಯವಾದ ಅಂಶವಿದೆ. ಸುಗ್ರೀವಾಜ್ಞೆಯ ಬದಲಿಗೆ ಸಂಸತ್ತು ಒಪ್ಪಿದ ಬ್ಯಾಂಕ್ ಮಸೂದೆಗೆ ಆಗಸ್ಟ್ 9ರಂದು ಅಂಕಿತ ಹಾಕಿದವರು ಹಿದಾಯತುಲ್ಲಾ ಅವರೇ. ಹಾಗಾಗಿ ಆ ಕಾಯ್ದೆಯನ್ನು ಪ್ರಶ್ನಿಸಿದ ಆರ್.ಸಿ. ಕೂಪರ್ ಪ್ರಕರಣವನ್ನು ಅವರನ್ನು ಬಿಟ್ಟು, ನ್ಯಾಯಮೂರ್ತಿ ಜೆ.ಸಿ. ಷಾ ಅವರ ನೇತೃತ್ವದಲ್ಲಿ 11 ನ್ಯಾಯಮೂರ್ತಿಗಳ ಪೀಠ ಕೇಳಿತು. 1970ರ ಫೆಬ್ರುವರಿ 10ರಂದು ಹತ್ತು ಮಂದಿ ಕಾಯ್ದೆಯನ್ನು ಅಸಿಂಧುವೆಂದರು, ಎ.ಎನ್. ರೇ ಒಬ್ಬರೇ ಭಿನ್ನಮತ ಬರೆದರು. ನಾಲ್ಕೇ ದಿನಗಳಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದು ಬ್ಯಾಂಕುಗಳನ್ನು ಮತ್ತೆ ತನ್ನ ವಶಕ್ಕೆ ತೆಗೆದುಕೊಂಡಿತು.

ಪ್ರಶ್ನೆ: ಗಿರಿಯವರು ಗೆದ್ದದ್ದು ಎರಡನೆಯ ಪ್ರಾಶಸ್ತ್ಯದ ಮತಗಳಿಂದ ಎನ್ನುತ್ತಾರೆ. ಹಾಗೆಂದರೇನು? (ಹಾವೇರಿಯ ಶಿಕ್ಷಕಿ)

ಉತ್ತರ: ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ ತಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಬರೆಯುತ್ತಾರೆ. 1969ರ ಆಗಸ್ಟ್ 16ರಂದು ಚಲಾವಣೆಯಾದ ಸಿಂಧು ಮತಗಳ ಒಟ್ಟು ಮೌಲ್ಯ 8,36,337. ಗೆಲ್ಲಲು ಅದರ ಅರ್ಧಕ್ಕಿಂತ ಹೆಚ್ಚು, ಅಂದರೆ 4,18,169 ಬೇಕಿತ್ತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ಸಂಜೀವ ರೆಡ್ಡಿಯವರಿಗೆ 3,13,548, ಸ್ವತಂತ್ರ ಪಕ್ಷ ಮತ್ತು ಜನಸಂಘಗಳು ಬೆಂಬಲಿಸಿದ್ದ ಸಿ.ಡಿ. ದೇಶಮುಖರಿಗೆ 1,12,769. ಯಾರೂ ಗುರಿ ಮುಟ್ಟದ ಕಾರಣ ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿದ್ದ ಮುಂದಿನ ಆಯ್ಕೆಯನ್ನು ನೋಡಲಾಯಿತು. ಕೊನೆಯಲ್ಲಿ ದೇಶಮುಖರ ಮತಪತ್ರಗಳನ್ನು ತೆರೆದಾಗ ಬಹುಪಾಲು ರೆಡ್ಡಿಯವರಿಗೇ ಹೋದವು. ಆದರೂ ಸಾಲಲಿಲ್ಲ: ಗಿರಿ 4,20,077, ರೆಡ್ಡಿ 4,05,427. ಗಿರಿಯವರು ಗುರಿಯನ್ನು ದಾಟಿದ್ದು ಕೇವಲ 1,908ರಿಂದ. ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಈ ಲೆಕ್ಕ ಮಾಡಿ ತೋರಿಸಿ, ಪಠ್ಯದ ವಿವರಣೆಗಿಂತ ಬೇಗ ಅರ್ಥವಾಗುತ್ತದೆ.

ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದವರು ಸ್ವತಃ ಇಂದಿರಾ ಗಾಂಧಿಯವರು. ಆತ್ಮಸಾಕ್ಷಿಯಂತೆ ಮತ ನೀಡಿರೆಂದು ಮುಂದೆ ಕರೆಕೊಟ್ಟವರೂ ಅವರೇ. ನಮ್ಮವರು ಗಮನಿಸಬೇಕಾದ ಒಂದು ಕಾಕತಾಳೀಯವೂ ಇದೆ. ಗಿರಿಯವರು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಅವರ ನಂತರ ಬೆಂಗಳೂರಿನ ರಾಜಭವನಕ್ಕೆ ಬಂದ ಗೋಪಾಲ ಸ್ವರೂಪ ಪಾಠಕ್ ಅವರು ಅದೇ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಯಾದರು. ಹೀಗೆ ಆ ವರ್ಷದ ಕೊನೆಗೆ ದೇಶದ ಮೊದಲ ಎರಡು ಹುದ್ದೆಗಳಲ್ಲಿಯೂ ನಮ್ಮ ರಾಜಭವನದ ಹಳೆಯ ನಿವಾಸಿಗಳಿದ್ದರು.

ಪ್ರಶ್ನೆ: ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿಯೂ ಇದೇ ಗದ್ದಲದಲ್ಲಿ ಬಂತೇ? (ಸಾಗರದ ಓದುಗರು)

ಉತ್ತರ: ಅದೇ ದಿನಗಳಲ್ಲಿ. ಶನಿವಾರ ರಾತ್ರಿ ಇಂದಿರಾ ಅವರು ಆಕಾಶವಾಣಿಯಲ್ಲಿ ರಾಷ್ಟ್ರೀಕರಣವನ್ನು ಪ್ರಕಟಿಸಿದರು, ಭಾನುವಾರ ಗಿರಿಯವರ ರಾಜೀನಾಮೆ, ಸೋಮವಾರ ಜುಲೈ 21ರಂದು ಸಂಸತ್ತಿನ ಅಧಿವೇಶನ ಆರಂಭ. ಆ ಸೋಮವಾರ ಬೆಳಗ್ಗೆ, ನಮ್ಮ ಗಡಿಯಾರದಲ್ಲಿ ಎಂಟೂವರೆಗೆ ನಾಲ್ಕು ನಿಮಿಷ ಇರುವಾಗ, ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲದ ಮೇಲೆ ಕಾಲಿಟ್ಟರು. ಆಗ ದೂರದರ್ಶನ ಇದ್ದದ್ದು ದೆಹಲಿಯಲ್ಲಿ ಮಾತ್ರವಾದ್ದರಿಂದ ಮಲೆನಾಡಿನವರಿಗೆ ರೇಡಿಯೊ ಮತ್ತು ಮರುದಿನದ ಪತ್ರಿಕೆಯೇ ಗತಿ. ಒಂದು ತಿಂಗಳೂ ತುಂಬುವ ಮೊದಲು, ಆಗಸ್ಟ್ 15ರಂದು, ವಿಕ್ರಂ ಸಾರಾಭಾಯಿ ಅವರ ನೇತೃತ್ವದಲ್ಲಿ ಇಸ್ರೊ ಸ್ಥಾಪನೆಯಾಯಿತು.

ಪ್ರಶ್ನೆ: ಮದ್ರಾಸ್ ರಾಜ್ಯ ತಮಿಳುನಾಡು ಆದದ್ದು 1969ರಲ್ಲಿಯೇ? ನಮಗೇಕೆ ತಡವಾಯಿತು? (ಕೋಲಾರದ ಓದುಗರು)

ಉತ್ತರ: ಆ ವರ್ಷದ ಜನವರಿ 14ರಂದು, ಪೊಂಗಲ್ ದಿನ. ಹೆಸರಿಗಾಗಿ ದುಡಿದ ಮುಖ್ಯಮಂತ್ರಿ ಅಣ್ಣಾದೊರೆಯವರು ಮೂರು ವಾರ ಕಳೆಯುವುದರೊಳಗೆ, ಫೆಬ್ರುವರಿ 3ರಂದು, ತೀರಿಕೊಂಡರು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ತಡವಾದದ್ದಕ್ಕೆ ಮುಖ್ಯ ಕಾರಣ ನಮ್ಮೊಳಗಿನ ಭಿನ್ನಾಭಿಪ್ರಾಯವೇ. ಹಳೆಯ ಮೈಸೂರಿನ ಅನೇಕರಿಗೆ ಮೈಸೂರು ಎಂಬ ಹೆಸರನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ರಾಜಕೀಯದ ನಡುವೆ ನಮ್ಮ ವಿಶಿಯವರನ್ನು ಮರೆಯಬೇಡಿ! (ಭದ್ರಾವತಿಯ ಓದುಗರು)

ಉತ್ತರ: ಮರೆತರೆ ನೀವು ಬಿಡುತ್ತೀರಾ? ಇಂದಿರಾ ಅವರ ಉಚ್ಚಾಟನೆಯಾಗಿ ಮೂರು ದಿನಕ್ಕೆ, ನವೆಂಬರ್ 15ರಂದು, ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆರಂಭವಾದ ಟೆಸ್ಟ್ ಪಂದ್ಯದಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಮೊದಲ ಬಾರಿಗೆ ಭಾರತದ ಪರ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಪಂದ್ಯ ಡ್ರಾ ಆಯಿತು. ಅದರ ಬೆನ್ನಿಗೇ ದೆಹಲಿಯಲ್ಲಿ ನಡೆದ ಪಂದ್ಯದಲ್ಲಿ ಬೆಂಗಳೂರಿನ ಪ್ರಸನ್ನ ಮತ್ತು ಬೇಡಿ ತಲಾ ಐದು ವಿಕೆಟ್ ಕಿತ್ತು ಆಸ್ಟ್ರೇಲಿಯದ ಎರಡನೆಯ ಇನಿಂಗ್ಸ್ ಅನ್ನು 107ಕ್ಕೆ ಮುಗಿಸಿದರು, ಭಾರತ ಏಳು ವಿಕೆಟ್‌ಗಳಿಂದ ಗೆದ್ದಿತು. ಮುಂದೆ ವಿಶ್ವನಾಥ್ ಒಟ್ಟು 14 ಟೆಸ್ಟ್ ಶತಕ ಬಾರಿಸಿದರು. ಅವರು ಶತಕ ಹೊಡೆದ ಒಂದು ಪಂದ್ಯವನ್ನೂ ಭಾರತ ಸೋಲಲಿಲ್ಲ.