ಹುಬ್ಬಳ್ಳ್ಯಾಗ ಮನಿ ಕರೆಂಟ್ 200 ಯೂನಿಟ್ ದಾಟದಂಗ ಹೆಂಗ್ ನೋಡ್ಕೊಳ್ಳೂದು?

ಮೊದಲ ಗೀಸರ್ ಹಿಡೀರಿ, ಬರೇ ಲೈಟ್ ಆರಿಸಿದ್ರ ಅಂಥಾದ್ದೇನೂ ಉಳಿಯಂಗಿಲ್ಲ. 2000 ವ್ಯಾಟಿಂದು ಒಂದ್ ತಾಸು ಉರಿದ್ರ 2 ಯೂನಿಟ್ ಹೋತು, ಅಷ್ಟರಾಗ 9 ವ್ಯಾಟಿನ ಎಲ್‌ಇಡಿ ಬಲ್ಬ್ 200 ತಾಸಿನ ಮ್ಯಾಲ ಉರಿತೈತಿ. ನಮ್ಮನ್ಯಾಗ ಸ್ವಿಚ್ ಹಾಕಿ ಮರೆಯೂದ ಚಟ ಆಗಿತ್ತು, ಈಗ ಒಬ್ರ ಹಿಂದ ಒಬ್ರು ಜಳಕಾ ಮುಗಿಸಿ ಆಫ್ ಮಾಡ್ತೀವಿ, ರವಿವಾರ ಅವ್ವ ಹಿತ್ತಲದಾಗ ಹಂಡೆಕ್ಕ ಉರಿ ಹಚ್ಚತಾಳ (ಆ ನೀರಿನ ಜಳಕಾನ ಬ್ಯಾರೆ ಬಿಡ್ರಿ). ಆಮ್ಯಾಲ ಫ್ಯಾನು. ಹಳೇದು 75 ವ್ಯಾಟ್ ತಿಂತಾವ, ಕರೆಂಟ್ ಕಡಿಮಿ ತಿನ್ನೂ ಹೊಸಾ ಬಿಎಲ್‌ಡಿಸಿ ಫ್ಯಾನು ಸುಮಾರು 30, ದಿನಾ 10 ತಾಸು ತಿರುಗಿದ್ರ ಒಂದ್ ಫ್ಯಾನಿಗೆ ತಿಂಗಳಿಗೆ 13 ಯೂನಿಟ್ ಉಳಿತಾವ. ಫ್ರಿಜ್ ಗ್ವಾಡಿಗೆ ಒತ್ತಿ ಇಡಬ್ಯಾಡ್ರಿ. ಸರ್ಕಾರದ ಫ್ರೀ ಕರೆಂಟ್ ಯೋಜನೆ ಗೃಹಜ್ಯೋತಿ ಇದ್ದವರಂತೂ 200 ದಾಟಿದ್ರ ಬರೇ ಹೆಚ್ಚಿಂದಲ್ಲ, ಪೂರಾ ಬಿಲ್ಲ ಕಟ್ಟಬೇಕು, ಹಂಗಾಗಿ ಹೆಸ್ಕಾಂನವರು ರೀಡಿಂಗ್ ತಗೊಂಡು ಹೋದ 15 ದಿನಕ್ಕ ನೀವ ಒಮ್ಮೆ ಮೀಟರ್ ನೋಡ್ಕೋರಿ.